ಕೊಕ್ಕರೆ ರೋಗದ ಮೂಲ ಹುಡುಕಿದ ಚರಿತ್ರೆ

ಕೋಳಿಗಳಿಗೆ ಬರುವ ಪಿಡುಗುಗಳಲ್ಲಿ ಭಾರತದ ಊರೊಂದರ ಹೆಸರು ಹೊತ್ತದ್ದು ರಾಣಿಖೇತ್ ರೋಗ. ಕನ್ನಡನಾಡಿನ ಹಳ್ಳಿಗಳಲ್ಲಿ ಅದು ಕೊಕ್ಕರೆ ರೋಗ, ಇಂಗ್ಲಿಷ್ ಪುಸ್ತಕಗಳಲ್ಲಿ ನ್ಯೂಕ್ಯಾಸಲ್ ರೋಗ. ನಿನ್ನೆಯವರೆಗೂ ತಿಪ್ಪೆ ಕೆದಕಿಕೊಂಡಿದ್ದ ಕೋಳಿ ರೆಕ್ಕೆ ಇಳಿಬಿಟ್ಟು, ಕಣ್ಣು ಮುಚ್ಚಿ, ಮೂಲೆಯಲ್ಲಿ ತೂಕಡಿಸುತ್ತ ಕೂರುತ್ತದೆ. ಕಾಳು ಮುಟ್ಟುವುದಿಲ್ಲ. ಬಾಯಿ ತೆರೆದು ಉಸಿರೆಳೆಯುತ್ತದೆ, ಹಸಿರು ಬಣ್ಣದ ನೀರು ನೀರಾದ ಹಿಕ್ಕೆ ಹಾಕುತ್ತದೆ. ಕೆಲವಕ್ಕೆ ಕಾಲು ಬಿದ್ದುಹೋಗುತ್ತದೆ, ಕೆಲವಕ್ಕೆ ಕತ್ತು ತಿರುಚಿಕೊಂಡು ತಲೆ ಬೆನ್ನ ಮೇಲೆ ಬಂದು ನಿಲ್ಲುತ್ತದೆ. ಎರಡು ಮೂರು ದಿನಕ್ಕೆ ಸಾವು ಶುರುವಾದರೆ ಕೆಲವೇ ವಾರಗಳಲ್ಲಿ ಕೇರಿಯ ಗೂಡುಗಳೆಲ್ಲ ಬರಿದಾಗುತ್ತವೆ. ಹಿತ್ತಲಲ್ಲಿ ನಾಲ್ಕು ಹೇಂಟೆ, ಒಂದು ಹುಂಜ ಸಾಕಿಕೊಂಡ ಮನೆಗೆ ಇದು ಸಣ್ಣ ನಷ್ಟವಲ್ಲ. ಮೊಟ್ಟೆ ಮಾರಿದ ದುಡ್ಡು ಬಹಳ ಕಡೆ ಹೆಂಗಸರ ಸ್ವಂತ ಕೈಗಾಸು. ನೆಂಟರು ಬಂದಾಗ, ಜಾತ್ರೆ ಬಂದಾಗ, ಮಕ್ಕಳ ಪುಸ್ತಕಕ್ಕೆ ದುಡ್ಡು ಬೇಕಾದಾಗ ಕೈಗೆ ಬರುವುದು ಆ ಗೂಡಿನ ಕೋಳಿಯೇ.

ಈ ಸಾವಿನ ಕಾರಣ ಹೇಳುವುದು ಬಹಳ ಕಾಲ ಕಷ್ಟವಾಗಿತ್ತು. ಹೀಗೆಯೇ ರಾತ್ರಿ ಬೆಳಗಾಗುವುದರಲ್ಲಿ ಕೋಳಿಗಳನ್ನು ಮಲಗಿಸುವ ಬೇರೆ ರೋಗಗಳೂ ಇದ್ದವು, ಮೇಲ್ನೋಟಕ್ಕೆ ಎಲ್ಲದರ ಮುಖವೂ ಒಂದೇ ಆಗಿತ್ತು. ಕೋಳಿ ಕಾಲರಾ, ಕೋಳಿ ಪ್ಲೇಗು, ರಾಣಿಖೇತ್ ಈ ಮೂರನ್ನೂ ಒಂದರಿಂದ ಒಂದನ್ನು ಬಿಡಿಸಿ ನೋಡಲು ಸುಮಾರು 50 ವರ್ಷ ಹಿಡಿಯಿತು. ಹಕ್ಕಿಗಳ ಸಾಂಕ್ರಾಮಿಕಗಳ ಕಾರಣ ಹುಡುಕುವ ವಿದ್ಯೆ ಬೆಳೆದದ್ದು ಬಹುಮಟ್ಟಿಗೆ ಈ ಬಿಡಿಸುವ ಕೆಲಸದಲ್ಲೇ.

ಮೊದಲು ಕೈಗೆ ಸಿಕ್ಕಿದ್ದು ಕೋಳಿ ಕಾಲರಾ. ಇಟಲಿಯ ಟ್ಯೂರಿನ್‌ನ ಪಶುವೈದ್ಯ ವಿಜ್ಞಾನಿ ಎಡೊವಾರ್ಡೊ ಪೆರೊನ್‌ಚಿಟೊ 1878ರಲ್ಲಿ ಸತ್ತ ಕೋಳಿಗಳ ಅಂಗಾಂಶದಲ್ಲಿ ಅದರ ಬ್ಯಾಕ್ಟೀರಿಯಾವನ್ನು ಕಂಡು ವಿವರಿಸಿದ. ಮರುವರ್ಷ ಫ್ರಾನ್ಸಿನ ಟೂಲೂಸ್ ಪಶುವೈದ್ಯ ಶಾಲೆಯ ಆನ್ರಿ ಟೂಸ್ಸೇಂಟ್ ಅದನ್ನು ಬೇರ್ಪಡಿಸಿದ. ಅವನಿಂದ ಮಾದರಿ ಪಡೆದ ಲೂಯಿ ಪಾಶ್ಚರ್‌ಗೆ ಮೊದಲು ಎದುರಾದ ತೊಡಕು ಅಡುಗೆಮನೆಯದು ಎನ್ನಬೇಕು: ಬೇರೆ ಸೂಕ್ಷ್ಮಜೀವಿಗಳು ಬೆಳೆಯುತ್ತಿದ್ದ ಯೀಸ್ಟ್ ನೀರಿನಲ್ಲಿ ಇದು ಬೆಳೆಯಲಿಲ್ಲ. ಕೋಳಿಮಾಂಸವನ್ನೇ ಬೇಯಿಸಿ ಸಾರು ತೆಗೆದು, ಅದರ ಹುಳಿಯನ್ನು ಪೊಟ್ಯಾಷ್ ಹಾಕಿ ಸರಿಪಡಿಸಿದ ಮೇಲೆ ಸೊಂಪಾಗಿ ಬೆಳೆಯಿತು. ಆ ಸಾರಿನ ಕೆಲವು ಹನಿಗಳನ್ನು ರೊಟ್ಟಿಯ ಚೂರಿನ ಮೇಲೆ ಹಾಕಿ ತಿನ್ನಿಸಿದರೆ ಸಾಕು, ಕೋಳಿ ಸಾಯುತ್ತಿತ್ತು. ಸಾಯುವ ಮುನ್ನ ಅದು ಹಾಕಿದ ಹಿಕ್ಕೆಯಲ್ಲಿ ಅದೇ ಸೂಕ್ಷ್ಮಜೀವಿ ಸಿಗುತ್ತಿತ್ತು. ಪಿಡುಗು ಗೂಡಿನಿಂದ ಗೂಡಿಗೆ ಹೇಗೆ ಹೋಗುತ್ತದೆ ಎಂಬುದಕ್ಕೆ ಇದೇ ಉತ್ತರ.

ಪಾಶ್ಚರ್ 1880ರಲ್ಲಿ ಪ್ರಕಟಿಸಿದ ಬರಹದಲ್ಲಿ ಇನ್ನೊಂದು ಸಂಗತಿ ಇದೆ. ಅದು ಲಸಿಕೆಯಷ್ಟು ಹೆಸರಾಗಲಿಲ್ಲ, ಆದರೆ ಪಿಡುಗಿನ ಮೂಲ ಹುಡುಕುವವರಿಗೆ ಅದರಷ್ಟೇ ಬೆಲೆಯುಳ್ಳದ್ದು. ಅದೇ ಸೂಕ್ಷ್ಮಜೀವಿಯನ್ನು ಗಿನಿಪಿಗ್‌ಗೆ ಚುಚ್ಚಿದರೆ ಚುಚ್ಚಿದ ಜಾಗದಲ್ಲಿ ಒಂದು ಕುರು ಏಳುತ್ತಿತ್ತು, ಅಷ್ಟೇ. ಪ್ರಾಣಿ ಮೇಯುತ್ತ ಓಡಾಡಿಕೊಂಡಿರುತ್ತಿತ್ತು. ಆದರೆ ಆ ಕುರುವಿನ ಕೀವಿನಲ್ಲಿ ರೋಗಾಣು ಪೂರಾ ಜೀವಂತವಾಗಿರುತ್ತಿತ್ತು. ಕೋಳಿಗಳ ನಡುವೆ ಅಂಥ ಗಿನಿಪಿಗ್‌ನ ಕುರು ಒಡೆದರೆ ಕೋಳಿಗಳು ಎಲ್ಲಿಂದ ಬಂತೆಂದು ತಿಳಿಯದ ಹಾಗೆ ಸಾಯುತ್ತವೆ ಎಂದು ಪಾಶ್ಚರ್ ಬರೆದ. ತಾನು ನರಳದೆ ರೋಗ ಹೊತ್ತು ತಿರುಗುವ ಪ್ರಾಣಿಯ ವಿಚಾರ ಮುಂದೆ ಗಿಳಿ, ಪಾರಿವಾಳ, ಬಾತುಗಳ ವಿಷಯದಲ್ಲಿ ಮತ್ತೆ ಮತ್ತೆ ಎದುರಾಯಿತು. ರೋಗಾಣು ಬೆಳೆಸಿದ ಹಳತಾದ ಸಾರನ್ನು ಚುಚ್ಚಿಸಿಕೊಂಡ ಕೋಳಿಗಳು ಸಾಯದೆ ಉಳಿದು, ಆಮೇಲೆ ಹೊಸ ಸಾರನ್ನೂ ತಡೆದುಕೊಂಡದ್ದು ಪ್ರಯೋಗಾಲಯದಲ್ಲಿ ದುರ್ಬಲಗೊಳಿಸಿದ ರೋಗಾಣುವಿನಿಂದ ಮಾಡಿದ ಮೊದಲ ಲಸಿಕೆಗೆ ದಾರಿಯಾಯಿತು. ರಜೆಗೆ ಹೋದಾಗ ಮರೆತುಬಿಟ್ಟ ಸಾರಿನಿಂದ ಇದೆಲ್ಲ ಆಯಿತು ಎಂಬ ಕಥೆ ಪಠ್ಯಪುಸ್ತಕಗಳಲ್ಲಿದೆ. ಪಾಶ್ಚರನ ನೋಟುಪುಸ್ತಕಗಳನ್ನು ಓದಿದ ಇತಿಹಾಸಕಾರರಿಗೆ ಅಲ್ಲಿ ಸಿಕ್ಕಿದ್ದು ತಿಂಗಳುಗಟ್ಟಲೆ ನಡೆದ ಪ್ರಯೋಗಗಳ ಲೆಕ್ಕ.

ಕಾಲರಾದ ಬ್ಯಾಕ್ಟೀರಿಯಾ ಸಿಕ್ಕಿದ ಮೇಲೆ, ಅದು ಸಿಗದ ಸಾವುಗಳು ಎದ್ದು ಕಂಡವು. ಉತ್ತರ ಇಟಲಿಯಲ್ಲಿ ಕೋಳಿಗಳನ್ನು ಸಾರಾಸಗಟಾಗಿ ಕೊಲ್ಲುತ್ತಿದ್ದ ಇನ್ನೊಂದು ರೋಗವನ್ನು ಪೆರೊನ್‌ಚಿಟೊ 1878ರಲ್ಲೇ ದಾಖಲಿಸಿದ್ದ. ಮೊದಲು ಅದನ್ನೂ ಕಾಲರಾದ ಜೊತೆಗೇ ಸೇರಿಸುತ್ತಿದ್ದರು. 1880ರಲ್ಲಿ ರಿವೋಲ್ಟಾ ಮತ್ತು ಡೆಲ್‌ಪ್ರಾಟೊ ಎರಡೂ ಬೇರೆ ಎಂದು ತೋರಿಸಿದರು. ಅದಕ್ಕೆ ಕೋಳಿ ಪ್ಲೇಗು ಎಂಬ ಹೆಸರು ನಿಂತಿತು. ಸೂಕ್ಷ್ಮದರ್ಶಕದಲ್ಲಿ ಏನೂ ಕಾಣುತ್ತಿರಲಿಲ್ಲ, ಸಾರಿನಲ್ಲಿ ಏನೂ ಬೆಳೆಯುತ್ತಿರಲಿಲ್ಲ. 1901ರಲ್ಲಿ ಚೆಂಟಾನಿ ಮತ್ತು ಸಾವೊನುಟ್ಸಿ ಎಂಬ ಇಟಲಿಯ ಸಂಶೋಧಕರು ರೋಗದ ಕೋಳಿಯ ರಸವನ್ನು ಬ್ಯಾಕ್ಟೀರಿಯಾ ದಾಟಲಾರದಷ್ಟು ಸಣ್ಣ ರಂಧ್ರಗಳ ಸೋಸುಗದಲ್ಲಿ ಸೋಸಿದರು. ಕೆಳಗೆ ಇಳಿದ ತಿಳಿ ಕೂಡ ಕೋಳಿಗಳನ್ನು ಕೊಂದಿತು. ಆ ವರ್ಷವೇ ಜರ್ಮನಿಯ ಬ್ರೌನ್‌ಶ್ವೈಗ್ ನಗರದ ಕೋಳಿ ಪ್ರದರ್ಶನಕ್ಕೆ ಬಂದ ಹಕ್ಕಿಗಳಲ್ಲಿ ರೋಗ ಕಾಣಿಸಿಕೊಂಡಿತು. ಊರೂರಿಗೆ ಮರಳಿದ ಕೋಳಿಗಳ ಜೊತೆ ಪ್ಲೇಗು ಜರ್ಮನಿಯಲ್ಲೆಲ್ಲ ಹರಡಿತು. ಸಂತೆ, ಪ್ರದರ್ಶನ, ಸಾಗಾಟ ಇವೇ ಪಿಡುಗಿನ ಹೆದ್ದಾರಿಗಳೆಂದು ಬೇರೆ ಪುರಾವೆ ಬೇಕಾಗಲಿಲ್ಲ. ಅಂದಿನಿಂದ ಸುಮಾರು 25 ವರ್ಷ ಪಶುವೈದ್ಯರ ಲೆಕ್ಕ ಸರಳವಾಗಿತ್ತು: ಕೋಳಿಗಳು ಒಟ್ಟಿಗೆ ಸತ್ತು ಬ್ಯಾಕ್ಟೀರಿಯಾ ಸಿಕ್ಕಿದರೆ ಕಾಲರಾ, ಸಿಗದೆ ಸೋಸಿದ ರಸವೂ ಕೊಂದರೆ ಪ್ಲೇಗು.

1926ರಲ್ಲಿ ಈ ಲೆಕ್ಕ ತಪ್ಪಿತು. ಡಚ್ಚರ ಆಡಳಿತದಲ್ಲಿದ್ದ ಜಾವಾದಲ್ಲಿ ಕೋಳಿಗಳು ಗುಂಪು ಗುಂಪಾಗಿ ಸತ್ತವು. ಕ್ರಾನೆವೆಲ್ಡ್ ಎಂಬ ಪಶುವೈದ್ಯ ಅದನ್ನು ವರದಿ ಮಾಡಿದ. ಅದೇ ವರ್ಷ ಇಂಗ್ಲೆಂಡಿನ ಬಂದರು ನಗರ ನ್ಯೂಕ್ಯಾಸಲ್ ಬಳಿಯ ಒಂದು ಫಾರಂನಲ್ಲಿ ಹೆಚ್ಚು ಕಡಿಮೆ ಎಲ್ಲ ಕೋಳಿಗಳೂ ಸತ್ತವು. ವೇಬ್ರಿಡ್ಜ್‌ನ ಸರ್ಕಾರಿ ಪಶುವೈದ್ಯ ಪ್ರಯೋಗಾಲಯದ ಟಿ. ಎಂ. ಡಾಯ್ಲ್ ತನಿಖೆಗೆ ಕೂತ. ಬ್ಯಾಕ್ಟೀರಿಯಾ ಸಿಗಲಿಲ್ಲ, ಸೋಸಿದ ರಸ ಕೊಂದಿತು. ಹಳೆಯ ಲೆಕ್ಕದ ಪ್ರಕಾರ ಇದು ಪ್ಲೇಗು. ಡಾಯ್ಲ್ ಅಲ್ಲಿಗೆ ನಿಲ್ಲಲಿಲ್ಲ, ಅವನ ದೊಡ್ಡತನ ಅಲ್ಲಿದೆ. ಒಂದು ರೋಗದಿಂದ ಪಾರಾದ ಹಕ್ಕಿಗೆ ಅದೇ ರೋಗ ಮತ್ತೆ ತಗುಲದು ಎಂಬ ತಿಳಿವನ್ನೇ ಅವನು ಅಳತೆಗೋಲು ಮಾಡಿಕೊಂಡ. ಪ್ಲೇಗಿಗೆ ಪ್ರತಿರೋಧ ಪಡೆದಿದ್ದ ಕೋಳಿಗಳಿಗೆ ಈ ಹೊಸ ರಸ ಕೊಟ್ಟು ನೋಡಿದ. ಅವು ಸತ್ತವು. ಪ್ಲೇಗಿನ ರಕ್ಷಣೆ ಇಲ್ಲಿ ಕೆಲಸಕ್ಕೆ ಬರಲಿಲ್ಲ ಎಂದರೆ ವೈರಸ್ ಬೇರೆ. 1927ರಲ್ಲಿ ಅವನು ಇದನ್ನು ಪ್ರಕಟಿಸಿದಾಗ ರೋಗಲಕ್ಷಣ ಸೂಚಿಸುವ ಹೆಸರಿಟ್ಟರೆ ಮತ್ತೆ ಗೊಂದಲವಾದೀತೆಂದು ತಾತ್ಕಾಲಿಕವಾಗಿ ಊರಿನ ಹೆಸರಿಟ್ಟ. ತಾತ್ಕಾಲಿಕವೇ ಶಾಶ್ವತವಾಯಿತು. ಪೂರ್ವದೇಶಗಳಿಂದ ಬಂದ ಹಡಗಿನ ಕೋಳಿ ಅಥವಾ ಮಾಂಸದ ಜೊತೆ ರೋಗ ಆ ಬಂದರಿಗೆ ಇಳಿದಿರಬೇಕೆಂಬ ಊಹೆ ಆಗಲೇ ಹುಟ್ಟಿಕೊಂಡಿತು.

ಭಾರತದಲ್ಲಿ ಅದೇ ಕೆಲಸ ಹಿಮಾಲಯದ ಮಡಿಲಲ್ಲಿ ನಡೆಯಿತು. 1889ರಲ್ಲಿ ಪುಣೆಯಲ್ಲಿ ಶುರುವಾದ ಇಂಪೀರಿಯಲ್ ಬ್ಯಾಕ್ಟೀರಿಯಾಲಜಿಕಲ್ ಲ್ಯಾಬೊರೇಟರಿಯನ್ನು 1893ರಲ್ಲಿ ಕುಮಾವೂನಿನ ಮುಕ್ತೇಶ್ವರಕ್ಕೆ ಸಾಗಿಸಿದ್ದರು. ಸಮುದ್ರಮಟ್ಟದಿಂದ ಸುಮಾರು 7,500 ಅಡಿ ಎತ್ತರ, ಸುತ್ತ ದೇವದಾರು ಮತ್ತು ಓಕ್ ಕಾಡು, ಹತ್ತಿರದಲ್ಲಿ ದನಕರುಗಳ ದೊಡ್ಡ ಹಿಂಡಿಲ್ಲ. ಜಾನುವಾರುಗಳ ದೊಡ್ಡರೋಗದ ಮೇಲೆ ಅಪಾಯವಿಲ್ಲದೆ ಕೆಲಸ ಮಾಡಲು ಇಂಥ ಏಕಾಂತ ಬೇಕಿತ್ತು. ರಾಬರ್ಟ್ ಕಾಕ್ 1897ರಲ್ಲಿ ಇಲ್ಲಿಗೆ ಬಂದುಹೋಗಿದ್ದ. ಇದೇ ಸಂಸ್ಥೆ ಮುಂದೆ ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆಯಾಯಿತು. ಇದೇ ಕುಮಾವೂನಿನ ರಾಣಿಖೇತ್ ಸೇನಾ ದಂಡು ಬೀಡುಬಿಟ್ಟ ಊರು, 1869ರಿಂದ ಕಂಟೋನ್ಮೆಂಟ್. 1920ರ ದಶಕದ ಕೊನೆಯಲ್ಲಿ ಅಲ್ಲಿನ ಕೋಳಿಗಳು ಸಾಯತೊಡಗಿದಾಗ ಮಾದರಿಗಳು ಮುಕ್ತೇಶ್ವರಕ್ಕೆ ಹೋದವು. ಆಗ ಅಲ್ಲಿ ನಿರ್ದೇಶಕನಾಗಿದ್ದವನು ಜೆ. ಟಿ. ಎಡ್ವರ್ಡ್ಸ್, ದೊಡ್ಡರೋಗದ ವೈರಸ್ಸನ್ನು ಆಡಿನ ಮೈಯಲ್ಲಿ ಹಾಯಿಸಿ ದನಗಳಿಗೆ ಲಸಿಕೆ ಮಾಡಿದವನು. 1928ರಲ್ಲಿ ಅವನು ಇದನ್ನು ಕೋಳಿಗಳ ಹೊಸ ರೋಗವೆಂದು ವರದಿ ಮಾಡಿದ. 1931ರಲ್ಲಿ ಎಚ್. ಕೂಪರ್ ಇದು ಸೋಸುಗ ದಾಟುವ ವೈರಸ್ಸಿನಿಂದ ಬರುತ್ತದೆಂದು ವಿವರವಾಗಿ ಬರೆದು ರಾಣಿಖೇತ್ ರೋಗ ಎಂಬ ಹೆಸರನ್ನು ಗಟ್ಟಿ ಮಾಡಿದ. ಊರಿನ ಹೆಸರು ರೋಗಕ್ಕೆ ಅಂಟಿದರೆ ಬಿಡುವುದಿಲ್ಲ ಎಂಬುದು ಸೊರಬ ಸೀಮೆಯವರಿಗೆ ಚೆನ್ನಾಗಿ ಗೊತ್ತು. 1957ರಲ್ಲಿ ಮಂಗಗಳು ಸತ್ತ ಕ್ಯಾಸನೂರಿನ ಹೆಸರು ಇಂದಿಗೂ ಜಗತ್ತಿನ ವೈದ್ಯಕೋಶಗಳಲ್ಲಿದೆ.

ಅದೇ ಕೆಲವು ವರ್ಷಗಳಲ್ಲಿ ಕೊರಿಯಾ, ಫಿಲಿಪ್ಪೀನ್ಸ್, ಸಿಲೋನ್, ಆಸ್ಟ್ರೇಲಿಯಾಗಳಿಂದಲೂ ಕೋಳಿಗಳ ಸಾವಿನ ವರದಿಗಳು ಬಂದವು. ಒಬ್ಬರು ಸುಳ್ಳು ಕೋಳಿ ಪ್ಲೇಗು ಎಂದರು, ಇನ್ನೊಬ್ಬರು ಡಾಯ್ಲ್ ರೋಗ ಎಂದರು. ಎಲ್ಲವೂ ಒಂದೇ ಎಂದು ನಿಧಾನವಾಗಿ ಗೊತ್ತಾಯಿತು. ಹೆಚ್ಚು ಕಾಲ ತಪ್ಪಿಸಿಕೊಂಡದ್ದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಅಲ್ಲಿ ಕೋಳಿಗಳು ಕೆಮ್ಮುತ್ತಿದ್ದವು, ಕೆಲವಕ್ಕೆ ನರದ ತೊಂದರೆ ಬರುತ್ತಿತ್ತು, ಆದರೆ ಸಾವು ಕಡಿಮೆ. ಕೋಳಿಗಳನ್ನೆಲ್ಲ ಕೊಲ್ಲುವ ರೋಗವೂ ಈ ಕೆಮ್ಮೂ ಒಂದೇ ವೈರಸ್ಸಿನದೆಂದು ಊಹಿಸುವುದೇ ಕಷ್ಟವಿತ್ತು. 1944ರಲ್ಲಿ ಅದು ನ್ಯೂಕ್ಯಾಸಲ್ ವೈರಸ್ಸೇ ಎಂದು ಖಚಿತವಾಯಿತು. ಒಂದೇ ವೈರಸ್ ಒಂದು ಕಡೆ ಮೃದು, ಇನ್ನೊಂದು ಕಡೆ ಘೋರ ಏಕೆ ಎಂಬ ಪ್ರಶ್ನೆ ಇಲ್ಲಿಂದ ಶುರುವಾಗುತ್ತದೆ.

ಈ ಹೊತ್ತಿಗೆ ತನಿಖೆಯ ಸಲಕರಣೆಯೇ ಬದಲಾಗಿತ್ತು. 1931ರಲ್ಲಿ ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಆಲಿಸ್ ವುಡ್‌ರಫ್ ಮತ್ತು ಅರ್ನೆಸ್ಟ್ ಗುಡ್‌ಪಾಶ್ಚರ್ ಕೋಳಿ ಸಿಡುಬಿನ ವೈರಸ್ಸನ್ನು ಕಾವಿಗಿಟ್ಟ ಮೊಟ್ಟೆಯೊಳಗೆ ಬೆಳೆಸಿ ತೋರಿಸಿದ್ದರು. ಹತ್ತು ದಿನ ಕಾವು ಕೂತ ಮೊಟ್ಟೆಯನ್ನು ದೀಪಕ್ಕೆ ಹಿಡಿದರೆ ರಕ್ತನಾಳಗಳ ಬಲೆಯ ನಡುವೆ ಮರಿಯ ನೆರಳು ಅಲುಗುವುದು ಕಾಣುತ್ತದೆ. ಓಡಿಗೆ ಸಣ್ಣ ತೂತು ಕೊರೆದು ಮಾದರಿಯ ಹನಿ ಒಳಗೆ ಬಿಟ್ಟು, ಮೇಣದಿಂದ ಮುಚ್ಚಿ ಮತ್ತೆ ಕಾವಿಗಿಡುತ್ತಾರೆ. ಉಗ್ರವಾದ ರಾಣಿಖೇತ್ ವೈರಸ್ ಇದ್ದರೆ ಎರಡು ಮೂರು ದಿನದಲ್ಲಿ ನೆರಳು ಅಲುಗುವುದು ನಿಲ್ಲುತ್ತದೆ. 1941ರಲ್ಲಿ ನ್ಯೂಯಾರ್ಕಿನ ಜಾರ್ಜ್ ಹರ್ಸ್ಟ್ ಫ್ಲೂ ವೈರಸ್ ಇರುವ ಮೊಟ್ಟೆಯ ದ್ರವ ಕೋಳಿಯ ಕೆಂಪುರಕ್ತಕಣಗಳನ್ನು ಒಂದಕ್ಕೊಂದು ಅಂಟಿಸುತ್ತದೆಂದು ಕಂಡ. ಮರುವರ್ಷ ಆಸ್ಟ್ರೇಲಿಯಾದ ಮ್ಯಾಕ್‌ಫರ್ಲೇನ್ ಬರ್ನೆಟ್ ನ್ಯೂಕ್ಯಾಸಲ್ ವೈರಸ್ ಕೂಡ ಹಾಗೆಯೇ ಮಾಡುತ್ತದೆಂದು ತೋರಿಸಿದ. ಗುಳಿಗಳ ತಟ್ಟೆಯಲ್ಲಿ ರಕ್ತಕಣಗಳನ್ನು ಹಾಕಿ ಬಿಟ್ಟರೆ ಅವು ತಳದಲ್ಲಿ ಇಳಿದು ಕೆಂಪು ಬೊಟ್ಟಿನಂತೆ ಕೂರುತ್ತವೆ. ವೈರಸ್ ಇದ್ದರೆ ಬೊಟ್ಟು ಕೂರುವುದಿಲ್ಲ, ಕಣಗಳು ತೆಳುವಾದ ಪರದೆಯಂತೆ ಗುಳಿಯ ತುಂಬ ಹರಡಿಕೊಳ್ಳುತ್ತವೆ. ಇಲ್ಲಿಯೂ ಪ್ಲೇಗು, ರಾಣಿಖೇತ್ ಎರಡರದ್ದೂ ಒಂದೇ ನಡತೆ. ಬಿಡಿಸುವುದು ರಕ್ತಸಾರ: ರಾಣಿಖೇತ್‌ನಿಂದ ಪಾರಾದ ಕೋಳಿಯ ರಕ್ತಸಾರ ಸೇರಿಸಿದಾಗ ಬೊಟ್ಟು ಮತ್ತೆ ಕೂತರೆ ಅದು ರಾಣಿಖೇತ್, ಕೂರದಿದ್ದರೆ ಬೇರೆ. ಡಾಯ್ಲ್ ಜೀವಂತ ಕೋಳಿಗಳಲ್ಲಿ ಮಾಡಿದ್ದನ್ನು ಇದು ಗಂಟೆಯೊಳಗೆ ತಟ್ಟೆಯಲ್ಲಿ ಮಾಡಿತು. ಪ್ರಯೋಗಾಲಯದಲ್ಲಿ ಈ ವೈರಸ್ ಕಣ್ಣಿಗೆ ಸಿಡಿದವರಿಗೆ ಕೆಲವು ದಿನ ಕಣ್ಣು ಕೆಂಪಾಗಿ ಊದಿಕೊಳ್ಳುತ್ತದೆ ಎಂದು 1943ರಲ್ಲಿ ಬರೆದವನೂ ಬರ್ನೆಟ್ಟೇ.

ಮೊಟ್ಟೆಯೇ ಲಸಿಕೆಯ ಮಡಕೆಯೂ ಆಯಿತು. ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರ್‌ನಲ್ಲಿ 1933ರಲ್ಲಿ ಸಿಕ್ಕಿದ್ದ ಉಗ್ರ ವೈರಸ್ಸನ್ನು ಎಸ್. ಜಿ. ಅಯ್ಯರ್ ಮತ್ತು ಡಾಬ್ಸನ್ ಮೊಟ್ಟೆಯಿಂದ ಮೊಟ್ಟೆಗೆ ದಾಟಿಸುತ್ತ ಹೋಗಿ ಕೊಲ್ಲುವ ಶಕ್ತಿ ಕುಂದಿಸಿ 1940ರಲ್ಲಿ ಪ್ರಕಟಿಸಿದರು. ಅದೇ ದಾರಿಯಲ್ಲಿ ಮುಕ್ತೇಶ್ವರದಲ್ಲಿ ಒಂದು ತಳಿ ತಯಾರಾಯಿತು. 1940ರ ದಶಕದಲ್ಲಿ ಹ್ಯಾಡೊ ಮತ್ತು ಇದ್ನಾನಿ ಅದರ ಲಸಿಕೆಯ ಬಗ್ಗೆ ಬರೆದರು. ಮುಕ್ತೇಶ್ವರ ತಳಿ ಎಂದೇ ಅದು ಹೊರದೇಶಗಳಿಗೂ ಹೋಯಿತು. ಅದು ಪೂರ್ತಿ ಸೌಮ್ಯವಲ್ಲ, ಎಳೆ ಮರಿಗಳನ್ನು ಕೊಲ್ಲಬಲ್ಲದು. ಹಾಗಾಗಿ ಮರಿಗಳಿಗೆ ಮೊದಲ ವಾರದಲ್ಲಿ ಮೃದು ತಳಿಯ ಲಸಿಕೆಯನ್ನು ಕಣ್ಣಿಗೋ ಮೂಗಿಗೋ ಹನಿ ಹಾಕಿ, ಆರರಿಂದ ಎಂಟು ವಾರಕ್ಕೆ ಈ ಚುಚ್ಚುಮದ್ದು ಕೊಡುವ ಪದ್ಧತಿ ಬೆಳೆಯಿತು. ದೊಡ್ಡರೋಗ ತಡೆಯಲು 1920ರ ದಶಕದಲ್ಲಿ ಮೈಸೂರು ಸಂಸ್ಥಾನ ಕಟ್ಟಿದ್ದ ಬೆಂಗಳೂರಿನ ಸೀರಂ ಸಂಸ್ಥೆ, ಇಂದು ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆ, ಕೊಕ್ಕರೆ ರೋಗದ ಲಸಿಕೆಯನ್ನೂ ತಯಾರಿಸುತ್ತ ಬಂದಿದೆ. ತೊಡಕು ಉಳಿದದ್ದು ಕೊನೆಯ ಹತ್ತು ಮೈಲಿಯಲ್ಲಿ. ಲಸಿಕೆಯ ಒಂದು ಸೀಸೆ ನೂರಾರು ಕೋಳಿಗಳಿಗೆ ಸಾಲುವಂಥದು, ಮಂಜುಗಡ್ಡೆಯಲ್ಲಿಟ್ಟು ತರಬೇಕು, ಕಲಸಿದ ಮೇಲೆ ಬೇಗ ಖರ್ಚಾಗಬೇಕು. ಐದಾರು ಕೋಳಿ ಸಾಕಿದ ಮನೆಗೆ, ಮರ ಏರಿ ಕೂತ ನಾಟಿ ಕೋಳಿಗೆ ಅದು ತಲುಪುವುದು ಕಷ್ಟ. ಫಾರಂಗಳಲ್ಲಿ ಹತೋಟಿಗೆ ಬಂದ ರೋಗ ಹಿತ್ತಲುಗಳಲ್ಲಿ ಉಳಿದುಕೊಂಡದ್ದು ಇದರಿಂದ. ರೋಗ ಬಂತೆಂದು ಗೊತ್ತಾದೊಡನೆ ಉಳಿದ ಕೋಳಿಗಳನ್ನು ಸಂತೆಗೆ ಒಯ್ದು ಮಾರುವುದೂ ಬಡತನದಲ್ಲಿ ಸಹಜವೇ. ಆದರೆ ಆ ಬುಟ್ಟಿಯ ಜೊತೆ ರೋಗ ಇನ್ನೊಂದು ಊರಿಗೆ ಹೋಗುತ್ತದೆ.

ಕೋಳಿ ಪ್ಲೇಗಿನ ನಿಜಸ್ವರೂಪ ಬಯಲಾದದ್ದು ಇನ್ನೂ ತಡವಾಗಿ. 1955ರಲ್ಲಿ ಜರ್ಮನಿಯ ವರ್ನರ್ ಶೇಫರ್ ಅದು ಇನ್‌ಫ್ಲುಯೆನ್ಸಾ ಎ ವೈರಸ್ಸೇ, ಮನುಷ್ಯರ ಫ್ಲೂಗೆ ಹತ್ತಿರದ ನೆಂಟ ಎಂದು ತೋರಿಸಿದ. 1933ರಲ್ಲಿ ಮನುಷ್ಯರ ಫ್ಲೂ ವೈರಸ್ ಬೇರ್ಪಟ್ಟಾಗ ಅದರ ಕುಲದ ಇನ್ನೊಂದು ವೈರಸ್ಸನ್ನು ಪಶುವೈದ್ಯರು ಅದಕ್ಕೂ 30 ವರ್ಷ ಮುಂಚಿನಿಂದ ಬಲ್ಲವರಾಗಿದ್ದರು, ಹೆಸರು ಮಾತ್ರ ಬೇರೆ. ರಾಣಿಖೇತ್ ವೈರಸ್ ಸೇರಿದ್ದು ಇನ್ನೊಂದು ಕುಟುಂಬಕ್ಕೆ: ದಡಾರ, ಮಂಗಬಾವು ಮತ್ತು ಯಾವುದಕ್ಕಾಗಿ ಮುಕ್ತೇಶ್ವರದ ಪ್ರಯೋಗಾಲಯ ಹುಟ್ಟಿತ್ತೋ ಆ ದೊಡ್ಡರೋಗದ ಕುಟುಂಬಕ್ಕೆ.

ಕಾರಣ ಯಾವುದೆಂದು ಗೊತ್ತಾದ ಮೇಲೂ ಪ್ರತಿ ಪಿಡುಗಿನಲ್ಲಿ ಎಲ್ಲಿಂದ ಬಂತು ಎಂಬ ಪ್ರಶ್ನೆ ಉಳಿಯುತ್ತದೆ. 1971ರಿಂದ 1973ರವರೆಗೆ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಸುಮಾರು 1.2 ಕೋಟಿ ಹಕ್ಕಿಗಳನ್ನು ಕೊಲ್ಲಬೇಕಾಯಿತು. ಜಾಡು ಹಿಡಿದು ಹೋದರೆ ಸಿಕ್ಕಿದ್ದು ಹೊರದೇಶದಿಂದ ತರಿಸಿದ ಸಾಕುಗಿಳಿಗಳು. ಕೆಲವು ಜಾತಿಯ ಗಿಳಿಗಳು ಆರೋಗ್ಯವಾಗಿ ಕಾಣುತ್ತಲೇ ವರ್ಷಕ್ಕೂ ಮಿಕ್ಕಿ ವೈರಸ್ ಚೆಲ್ಲಬಲ್ಲವು ಎಂದು ಆಮೇಲೆ ಗೊತ್ತಾಯಿತು. ಪಾಶ್ಚರನ ಗಿನಿಪಿಗ್ ಇಲ್ಲಿ ಗಿಳಿಯಾಗಿತ್ತು. 1984ರಲ್ಲಿ ಬ್ರಿಟನ್ನಿನ ಬೇರೆ ಬೇರೆ ಫಾರಂಗಳಲ್ಲಿ ರೋಗ ಕಾಣಿಸಿತು. ಅವುಗಳ ನಡುವೆ ಕೋಳಿಗಳ ವಿನಿಮಯವಿರಲಿಲ್ಲ, ಮೇವು ಮಾತ್ರ ಒಂದೇ ಕಡೆಯಿಂದ ಬರುತ್ತಿತ್ತು. ಲಿವರ್‌ಪೂಲ್ ಬಂದರಿನ ಉಗ್ರಾಣಗಳಲ್ಲಿ ರೋಗ ತಗುಲಿದ ಪಾರಿವಾಳಗಳು ಧಾನ್ಯದ ರಾಶಿಯ ಮೇಲೆ ಹಿಕ್ಕೆ ಹಾಕಿದ್ದವು.

ಆಸ್ಟ್ರೇಲಿಯಾದ ಉದಾಹರಣೆ ಎಲ್ಲಕ್ಕಿಂತ ಬೇರೆ. 1998ರಿಂದ ಸಿಡ್ನಿ ಸುತ್ತಮುತ್ತ ಎದ್ದ ಉಗ್ರ ರೋಗಕ್ಕೆ ಹೊರಗಿನ ಮೂಲ ಹುಡುಕಿದರೂ ಸಿಗಲಿಲ್ಲ. ವೈರಸ್ಸಿನ ಜೀನುಗಳನ್ನು ಓದಿದಾಗ, ಆ ಪ್ರದೇಶದ ಕೋಳಿಗಳಲ್ಲಿ ಸದ್ದಿಲ್ಲದೆ ಓಡಾಡಿಕೊಂಡಿದ್ದ ಮೃದು ವೈರಸ್ಸೇ ಮಾರ್ಪಟ್ಟು ಕೊಲ್ಲುವ ವೈರಸ್ ಆಗಿತ್ತು. ಇದು ಅರ್ಥವಾಗಲು ಬೇಕಾದ ತಿಳಿವು 1976ರಲ್ಲೇ ಜರ್ಮನಿಯ ಗೀಸನ್‌ನಲ್ಲಿ ಸಿಕ್ಕಿತ್ತು. ವೈರಸ್ ಜೀವಕೋಶದೊಳಗೆ ನುಗ್ಗಲು ಅದರ ಮೈಮೇಲಿನ ಒಂದು ಪ್ರೋಟೀನನ್ನು ಕೋಳಿಯ ದೇಹದ ಕಿಣ್ವವೇ ಕತ್ತರಿಸಿ ಕೊಡಬೇಕು. ಮೃದು ತಳಿಗಳ ಪ್ರೋಟೀನನ್ನು ಕತ್ತರಿಸುವ ಕಿಣ್ವ ಇರುವುದು ಉಸಿರ್ನಾಳ ಮತ್ತು ಕರುಳಿನಲ್ಲಿ ಮಾತ್ರ, ಅದರಿಂದ ರೋಗ ಅಲ್ಲೇ ನಿಲ್ಲುತ್ತದೆ. ಉಗ್ರ ತಳಿಗಳಲ್ಲಿ ಕತ್ತರಿಸುವ ಜಾಗದ ಕೆಲವು ಅಮೈನೋ ಆಮ್ಲಗಳು ಬದಲಾಗಿರುತ್ತವೆ. ಆ ಜಾಗವನ್ನು ದೇಹದ ಎಲ್ಲ ಅಂಗಗಳ ಕಿಣ್ವವೂ ಕತ್ತರಿಸಬಲ್ಲದು, ರೋಗ ಮಿದುಳಿನವರೆಗೂ ಹೋಗುತ್ತದೆ. ಕೆಮ್ಮುವ ಕೋಳಿಗೂ ಕತ್ತು ತಿರುಚಿ ಸಾಯುವ ಕೋಳಿಗೂ ನಡುವಿನ ಅಂತರ ಇಷ್ಟು ಸಣ್ಣ ಜಾಗದಲ್ಲಿದೆ. 1890ರ ದಶಕದಲ್ಲಿ ಸ್ಕಾಟ್ಲೆಂಡಿನ ಪಶ್ಚಿಮ ತೀರದಲ್ಲಿ ಕೋಳಿಗಳೆಲ್ಲ ಸತ್ತದ್ದಕ್ಕೆ ದಾಖಲೆಯಿದೆ. ರೋಗ 1926ರಲ್ಲಿ ಹೊಸದಾಗಿ ಹುಟ್ಟಿತೇ ಅಥವಾ ಇಂಥ ಮಾರ್ಪಾಡು ಅದಕ್ಕೂ ಮೊದಲೇ ಅಲ್ಲಲ್ಲಿ ಆಗಿ ಆರಿಹೋಗಿತ್ತೇ ಎಂಬ ಚರ್ಚೆಗೆ ಈ ದಾಖಲೆಯೂ ಆಸ್ಟ್ರೇಲಿಯಾದ ಉದಾಹರಣೆಯೂ ಬಲ ಕೊಟ್ಟವು.

ಪ್ಲೇಗು ಮತ್ತು ರಾಣಿಖೇತ್‌ಗಳ ಹಳೆಯ ಗೊಂದಲ ಭಾರತದಲ್ಲಿ 2006ರಲ್ಲಿ ಮತ್ತೆ ಎದುರು ನಿಂತಿತು. ಮಹಾರಾಷ್ಟ್ರದ ನಂದುರ್ಬಾರ್ ಜಿಲ್ಲೆಯ ನವಾಪುರದ ಫಾರಂಗಳಲ್ಲಿ ಕೋಳಿಗಳು ಸಾವಿರಗಟ್ಟಲೆ ಸತ್ತಾಗ ಸಾಕಣೆದಾರರು ಇದು ರಾಣಿಖೇತ್ ಎಂದರು. ವರ್ಷ ವರ್ಷವೂ ಕಂಡ ರೋಗದ ಹೆಸರನ್ನೇ ಅವರು ಹೇಳಿದ್ದರಲ್ಲಿ ಆಶ್ಚರ್ಯವಿಲ್ಲ. ಸತ್ತ ಕೋಳಿಯ ಹೊಟ್ಟೆ ಸೀಳಿದರೂ ತೀರ್ಮಾನ ಸುಲಭವಲ್ಲ: ಕಾಳು ಅರೆಯುವ ಗಟ್ಟಿ ಹೊಟ್ಟೆಗಿಂತ ಮುಂಚೆ ಬರುವ ಜಠರದ ಒಳಗೋಡೆಯಲ್ಲಿ ಗ್ರಂಥಿಗಳ ತುದಿಗೆ ಸೂಜಿಮೊನೆಯಷ್ಟು ರಕ್ತದ ಚುಕ್ಕೆಗಳು ಎರಡು ರೋಗದಲ್ಲೂ ಕಾಣುತ್ತವೆ. ಆದರೆ ಹೆಸರಿನ ಮೇಲೆ ಎಲ್ಲವೂ ನಿಂತಿತ್ತು. ರಾಣಿಖೇತ್ ಆದರೆ ಲಸಿಕೆ; ಹಳೆಯ ಪ್ಲೇಗು, ಅಂದರೆ ಇಂದಿನ ಹೆಸರಿನ ಹಕ್ಕಿಜ್ವರವಾದರೆ ಸುತ್ತ 3 ಕಿಲೋಮೀಟರಿನ ಕೋಳಿಗಳನ್ನೆಲ್ಲ ಕೊಂದು ಹೂಳಬೇಕಿತ್ತು. ಮಾದರಿಗಳು ಹೋದದ್ದು ಭೋಪಾಲದ ಅತಿ ಭದ್ರತೆಯ ಪಶುರೋಗ ಪ್ರಯೋಗಾಲಯಕ್ಕೆ. ಅದು ಆಗ ಮುಕ್ತೇಶ್ವರದಲ್ಲಿ ಬೇರುಬಿಟ್ಟ ಅದೇ ಸಂಸ್ಥೆಯ ಕೊಂಬೆಯಾಗಿತ್ತು. ಫೆಬ್ರವರಿ 18ರಂದು ಉತ್ತರ ಹೊರಬಿತ್ತು: ಹಕ್ಕಿಜ್ವರದ ಎಚ್5ಎನ್1 ವೈರಸ್, ಭಾರತದಲ್ಲಿ ಮೊದಲ ಸಲ. 2012ರ ಅಕ್ಟೋಬರಿನಲ್ಲಿ ಬೆಂಗಳೂರಿನ ಹೊರವಲಯದ ಹೆಸರಘಟ್ಟದ ಕೇಂದ್ರೀಯ ಕೋಳಿ ಅಭಿವೃದ್ಧಿ ಸಂಸ್ಥೆಯಲ್ಲಿ ಟರ್ಕಿ ಕೋಳಿಗಳು ಸತ್ತಾಗಲೂ ಮಾದರಿಗಳು ಭೋಪಾಲಕ್ಕೇ ಹೋದವು. ಅಲ್ಲಿಂದ ಬಂದ ಉತ್ತರವೂ ಎಚ್5ಎನ್1 ಎಂದೇ ಇತ್ತು, ಮತ್ತು ಅಲ್ಲಿ ಉಳಿದಿದ್ದ ಹಕ್ಕಿಗಳನ್ನು ಕೊಂದು ಹೂಳಲಾಯಿತು.